ಹೊಂಬಾಳಮ್ಮ ಹಚ್ಚಿದ ಒಲೆ

"ನಿಂಗೆ ಮನೆ ಅಂತ ಒಂದು ಇರ್ನಿಲ್ವಾ ಅಂತ ಕೇಳ್ತೀಯಲ್ಲಕ್ಕ, ಏನಂತ ಏಳ್ಲಿ. ಮೂವತ್ತೊಂದು ವರ್ಸ ಛತ್ರದ ಮೆಟ್ಲು ಕೆಳ್ಗಡೆ ರೂಮಲ್ಲಿದ್ದೆ. ತಲೆ ಎತ್ತುದ್ರೆ ಮೆಟ್ಲು. ಗಂಡಿನ ಕಡೆಯೋರು ಅತ್ತದು, ಎಣ್ಣಿನ ಕಡೆಯೋರು ಇಳಿಯದು, ಎಲ್ಲ ನನ್ ನೆತ್ತಿ ಮೇಲೇಯ. ಎಜ್ಜೆ ಸದ್ದಲ್ಲೇ ಏಳ್ಬುಡ್ತಿದ್ದೆ, ಇದು ಬೀಗ್ರು ಮುನಿಸ್ಕಂಡು ಇಳಿತಾವ್ರೆ, ಇದು ಮದುವಣ್ಗಿತ್ತಿ ಅಳ್ತಾ ಇಳಿತಾವ್ಳೆ ಅಂತ. ನಮ್ಮೆಜಮಾನ್ರು ಗೇಟು ಕಾಯೋರು, ನಾನು ಉಗ್ರಾಣ ಕಾಯೋಳು. ಅಡ್ಗೆ ಬಟ್ರು ಎಲ್ಲೆಲ್ಲಿಂದ್ಲೋ ಬರೋರು, ಮಾಡಿ ಓಗೋರು. ಒಲೆ ಹಚ್ಚದು ಮಾತ್ರ ನಾನೇಯ. ಒಂದ್ಸಲ ಮೈ ಉಸಾರಿಲ್ದೆ ಮಲ್ಗಿದ್ದೆ, ಬಟ್ರೇ ಹಚ್ಕಂಡ್ರು. ಅವತ್ತು ಎಲ್ಡ್ನೇ ಪಂಕ್ತಿಗೇ ಅನ್ನ ಸಾಲ್ದಾಯ್ತು. ಅಲ್ಲಿಂದೀಚೆಗೆ ಓನರ್ರು, ಒಲೇನ ಒಂಬಾಳಿ ಕೈಲೇ ಹಚ್ಚುಸ್ರಪ್ಪ ಅಂತ ನೇಮ ಮಾಡ್ಬುಟ್ರು. ಎಂಟ್ನೂರು ಜನದ ಒಲೆ, ಸಾವ್ರ ಜನದ ಒಲೆ, ಎಲ್ಲ ಈ ಕೈಲೇ ಹಚ್ಚಿವ್ನಿ. ನಂದು ಅಂತ ಒಲೆ ಇರ್ನಿಲ್ಲ. ಮೆಟ್ಲು ಕೆಳ್ಗೆ ಒಲೆ ಮಡಗಕ್ಕೆ ಜಾಗ ಎಲ್ಲದೆ? ಮದ್ವೆ ಇದ್ರೆ ಮದ್ವೆ ಊಟ. ಆಸಾಡದಲ್ಲಿ ಮದ್ವೆ ಇರಕಿಲ್ವಲ್ಲ, ಅವಾಗ ಆ ದೊಡ್ಡೊಲೆ ಮೂಲೇಲಿ ನಾಕು ಸೌದೆ ಮಡಗಿ ನಮ್ಮಿಬ್ರಿಗೆ ಎಲ್ಡು ಇಟ್ಟು ತಿರುವ್ಕಳೋಳು. ಅಷ್ಟುದ್ದದ ಒಲೇಲಿ ಆ ಪುಟ್ ಮಡ್ಕೆ ನೋಡುದ್ರೆ ನಂಗೇ ನಗ ಬರದು. ಆಮೇಕೆ ಅವ್ರೂ ಓದ್ರು, ಛತ್ರಾನೂ ಓಯ್ತು. ಜೆಸಿಬಿ ಬಂದು ಒಡ್ದಾಗ ಜನ ಬಾಗ್ಲು ಎತ್ಕಂಡು ಓದ್ರು, ಕಿಟ್ಕಿ ಎತ್ಕಂಡು ಓದ್ರು. ಆ ಒಲೆ ಕಲ್ಲ ಯಾರೂ ಎತ್ಕಳ್ನಿಲ್ಲ ಕಣಕ್ಕ."

ಹೊಂಬಾಳಮ್ಮ ಇಷ್ಟನ್ನೂ ನನಗೆ ಒಂದೇ ಉಸಿರಿಗೆ ಹೇಳಿದ್ದಲ್ಲ. ಒಂದೊಂದು ಬುಧವಾರ ಒಂದೊಂದು ತುಂಡು ಹೇಳಿದಳು, ನಾನು ಜೋಡಿಸಿಕೊಂಡೆ. ನಾನು ಕಲಿತಿದ್ದು ಕೆರಗೋಡಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ, ಬರೆಯುವುದು ನಿಧಾನ. ಆದರೆ ಎದುರಿಗೆ ಕೂತವರು ಹೇಳಿದ್ದು ಕಿವಿಯಿಂದ ಜಾರುವುದಿಲ್ಲ.

ಅವಳು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯವಳು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಮದುವೆಯಾದ ವರ್ಷವೇ ಗಂಡನ ಜೊತೆ ಮದ್ದೂರಿಗೆ ಬಂದು ಹಳೇ ರಸ್ತೆಯ ಆ ಛತ್ರಕ್ಕೆ ಸೇರಿದಳು. ಮಕ್ಕಳಾಗಲಿಲ್ಲ. ಗಂಡ ಒಂದು ಮಾಘಮಾಸದಲ್ಲಿ, ಮೇಲೆ ಯಾರದೋ ಧಾರೆ ನಡೆಯುತ್ತಿರುವಾಗ, ಎದೆನೋವು ಅಂತ ಗೇಟಿನ ಹತ್ತಿರ ಕೂತವನು ಏಳಲಿಲ್ಲ. ಮದುವೆ ಮುಗಿಯುವ ತನಕ ಅವಳು ಅಳಲೂ ಇಲ್ಲವಂತೆ, ಮೇಲಿನವರಿಗೆ ಕೇಳಿಸಬಾರದು ಅಂತ. ಆಮೇಲೆ ಹೊಸ ಹೆದ್ದಾರಿ ಊರ ಹೊರಗಿನಿಂದ ಹೋಯಿತು. ಹಳೇ ರಸ್ತೆಯ ಛತ್ರವನ್ನು ಕೇಳುವವರು ಕಡಿಮೆಯಾದರು. ಓನರ್ ತೀರಿಕೊಂಡ ಮೇಲೆ ಮಕ್ಕಳು ಅದನ್ನು ಕೆಡವಿ ಮಳಿಗೆ ಕಟ್ಟಿಸಿದರು. ಅವಳನ್ನು ಯಾರೂ ಬೈದು ಓಡಿಸಲಿಲ್ಲ. ಇದ್ದ ಜಾಗವೇ ಇಲ್ಲದಂತಾಯಿತು, ಅಷ್ಟೆ.

ಪೂರಿಗಾಲಿಗೆ ಹೋಗಿ ತಮ್ಮನ ಮನೆಯಲ್ಲಿ ಐದು ತಿಂಗಳು ಇದ್ದಳು. ಅಲ್ಲಿ ಎರಡು ಕೋಣೆ, ಏಳು ಜನ. ಯಾರೂ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಒಂದು ಬೆಳಿಗ್ಗೆ ಮದ್ದೂರಿನ ಬಸ್ಸು ಹತ್ತಿ ಬಂದವಳು ಬಸ್ ಸ್ಟ್ಯಾಂಡಿನಲ್ಲೇ ಉಳಿದುಬಿಟ್ಟಳು. ನಾಲ್ಕು ವರ್ಷ. ಕಲ್ಲುಬೆಂಚಿನ ಸುತ್ತ ಗುಡಿಸುತ್ತಿದ್ದಳು, ಟೀ ಅಂಗಡಿಯವರ ಲೋಟ ತೊಳೆಯುತ್ತಿದ್ದಳು. ಪಕ್ಕದಲ್ಲಿ ಆತಗೂರು ಕಡೆಯ ನಿಂಗಯ್ಯ ಅಂತ ಒಬ್ಬ ಮುದುಕ. ಎರಡು ಕಣ್ಣೂ ಕಾಣುವುದಿಲ್ಲ, ಬಾಚಣಿಗೆ, ಪಿನ್ನು ಮಾರುತ್ತಾನೆ. ಅವನಿಗೆ ಬಸ್ಸಿನ ಬೋರ್ಡು ಓದಿ ಹೇಳುವುದು ಅವಳ ಕೆಲಸ. ಅವಳಿಗೂ ಓದಲು ಬರುವುದಿಲ್ಲ, ಬಣ್ಣ ನೋಡಿ ಹೇಳುತ್ತಿದ್ದಳು. ಮಂಡ್ಯದ ಆಶ್ರಯ ಕೇಂದ್ರಕ್ಕೆ ಎರಡು ಸಲ ಕರೆದುಕೊಂಡು ಹೋದರೂ ಎರಡು ಸಲವೂ ವಾಪಸು ಬಂದಿದ್ದಳು.

ಅರುಂಧತಿ ಮೇಡಂ ನಮ್ಮ ಬೀದಿಗೆ ಬಂದದ್ದು ಆಗ. ಬೀದಿಯಲ್ಲಿ ಮಲಗುವವರಿಗೆ ಊರಿನವರ ಕೈಯಿಂದಲೇ ಒಂದೊಂದು ಕೋಣೆ ಹೊಂದಿಸುವ ಕೆಲಸ ಅವರದು. ಕೇಂದ್ರದವರು, ನಮ್ಮ ಹೆಣ್ಣುಮಕ್ಕಳ ಸಂಘದವರು, ಬೀದಿಯ ನಾಲ್ಕು ಜನ ಎಲ್ಲ ಸೇರಿ ಕೈಹಾಕಬೇಕು ಅಂತ ಅವರ ಆಸೆ. ಕಸ್ತೂರಿರಂಗ ಮೇಷ್ಟ್ರ ಮನೆಯ ಜಗಲಿಯಲ್ಲಿ ಸಭೆ ಸೇರಿದೆವು. ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷವಾಯಿತು, ಬೀದಿಯಲ್ಲಿ ಅವರ ಮಾತು ನಡೆಯುತ್ತದೆ. ಅವರ ಹಿತ್ತಿಲಿನಲ್ಲಿ ಹೆಂಚಿನ ಕೋಣೆಯೊಂದು ಖಾಲಿ ಬಿದ್ದಿತ್ತು. ಹಿಂದೆ ಓದುವ ಹುಡುಗರಿಗೆ ಕೊಡುತ್ತಿದ್ದರು. ಅದನ್ನು ಕೊಡುತ್ತೇನೆ ಅಂದರು, ಬಾಡಿಗೆ ಮಾತೇ ಎತ್ತಬೇಡಿ ಅಂದರು. ಅವರ ಹೆಂಡತಿ ಗೋದಮ್ಮನವರು ಎರಡು ದಿನ ಕೂತು ಸುಣ್ಣ ಹೊಡೆಸಿದರು. ಮೇಡಂ ನಮ್ಮೆಲ್ಲರ ಎದುರು ಒಪ್ಪಂದ ಹೇಳಿದರು. ಬಂದವರು ತೊಂಬತ್ತು ದಿನ ಅಲ್ಲೇ ವಾಸವಿರಬೇಕು. ಆಮೇಲೆ ಬಂದು ನೋಡಿ ವಿಳಾಸ ಬರೆಸಿಕೊಡುತ್ತೇವೆ, ಆ ವಿಳಾಸದ ಮೇಲೆ ರೇಷನ್ ಕಾರ್ಡಿಗೆ, ವಿಧವಾ ವೇತನಕ್ಕೆ ಅರ್ಜಿ ಹಾಕಬಹುದು. ನಡುವೆ ಮೂರು ದಿನಕ್ಕಿಂತ ಹೆಚ್ಚು ಬಿಟ್ಟು ಹೋದರೆ ಕೋಣೆ ಪಟ್ಟಿಯಲ್ಲಿ ಮುಂದಿರುವವರಿಗೆ. ಹೊಂಬಾಳಮ್ಮನ ಹಿಂದೆ ಹನ್ನೊಂದು ಜನ ಕಾಯುತ್ತಿದ್ದರು.

ಊಟದ ಮಾತು ಬಂದಾಗ ಮೇಷ್ಟ್ರ ಮುಖ ಅರಳಿತು. ಅವರು ಮಳವಳ್ಳಿಯ ಬಡ ಪುರೋಹಿತರ ಮಗ. ಮಂಡ್ಯದಲ್ಲಿ ಹೈಸ್ಕೂಲು ಓದುವಾಗ ವಾರಾನ್ನ ಮಾಡಿ ಬೆಳೆದವರು. ವಾರಾನ್ನ ಅಂದರೆ ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಈಗ ಆ ಪದ್ಧತಿ ಎಲ್ಲಿದೆ. "ಅವತ್ತು ಏಳು ಮನೆಯವರು ನನ್ನನ್ನ ಕಾಪಾಡಿದ್ರು. ಇವತ್ತು ನಾವು ಏಳು ಮನೆಯವರು ಒಂದು ಜೀವ ಕಾಪಾಡೋಣ" ಅಂದರು. ನಾವು ಯಾರೂ ಎರಡನೇ ಮಾತಾಡಲಿಲ್ಲ. ಸೋಮವಾರ ಮೇಷ್ಟ್ರ ಮನೆ, ಮಂಗಳವಾರ ಬ್ಯಾಂಕಿನ ಮಂಜುಶ್ರೀ, ಬುಧವಾರ ನಾನು, ಶುಕ್ರವಾರ ಅಂಗಡಿ ಸಿದ್ದೇಶ, ಹೀಗೆ. ಮೇಷ್ಟ್ರು ದುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದು ಕೋಣೆಯ ಬಾಗಿಲಿನ ಹಿಂದೆ ಅಂಟಿಸಿದರು. ಹಳೇ ಹೆಂಚು, ಒಣಗಿದ ತೊಲೆ, ಆದ್ದರಿಂದ ಒಳಗೆ ಒಲೆ ಬೇಡ ಅಂದರು. ಏಳು ಮನೆಯ ಊಟ ಬರುವಾಗ ಒಲೆ ಯಾಕೆ ಬೇಕು ಅಂತ ನನಗೂ ಅನ್ನಿಸಿತು. ಸಭೆಯಲ್ಲಿ ಹೊಂಬಾಳಮ್ಮ ಇರಲಿಲ್ಲ. ಅವಳನ್ನು ಕೇಳಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಬಂದಳು. ಒಂದು ಗಂಟು, ಒಂದು ಚಾಪೆ. ಬಂದ ದಿನವೇ ಹಿತ್ತಿಲನ್ನೆಲ್ಲ ಗುಡಿಸಿ ನೀರು ಹಾಕಿದಳು. ಬಾಗಿಲ ಮುಂದೆ ಎರಡೆಳೆ ರಂಗೋಲಿ ಎಳೆದಳು. ಈ ಸಲ ನಿಲ್ಲುತ್ತಾಳೆ ಅಂತ ಮೇಡಂ ಸಮಾಧಾನಪಟ್ಟರು.

ನಾನು ಬುಧವಾರ ಹನ್ನೆರಡೂವರೆಗೆ ಕ್ಯಾರಿಯರ್ ಹಿಡಿದು ಹೋಗುತ್ತಿದ್ದೆ. ಮುದ್ದೆ, ಉಪ್ಸಾರು, ಒಂದಿಷ್ಟು ಅನ್ನ. ಅವಳು ನನ್ನ ಮುಂದೆ ಪೂರ್ತಿ ಉಣ್ಣುತ್ತಿರಲಿಲ್ಲ. ಅರ್ಧ ಎತ್ತಿಟ್ಟು ಸಂಜೆಗೆ ಇರಲಿ ಅನ್ನುತ್ತಿದ್ದಳು. ನಾನು ಬಟ್ಟೆಕಲ್ಲಿನ ಮೇಲೆ ಕೂತು ಅವಳ ಮಾತು ಕೇಳುತ್ತಿದ್ದೆ. ಛತ್ರದ ಕಥೆಯೆಲ್ಲ ಹಾಗೆ ಬಂದದ್ದು. ಆಮೇಲೆ ಕ್ಯಾರಿಯರ್ ತೊಳೆದು ಕೊಡುತ್ತಿದ್ದಳು. ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವುದಿಲ್ಲ. ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ಅವಳ ಹತ್ತಿರ ಸಕ್ಕರೆ ಎಲ್ಲಿಂದ ಬರಬೇಕು. ಡಬ್ಬಿ ತೆಗೆದರೆ ಒಳಗೆ ಕರಿಬೇವು ಇರುತ್ತಿತ್ತು. ಇನ್ನೊಂದು ವಾರ ದಾಸವಾಳ, ಮತ್ತೊಂದು ವಾರ ನಾಲ್ಕು ದೊಡ್ಡಪತ್ರೆ ಎಲೆ. ಎಲ್ಲವೂ ಮೇಷ್ಟ್ರ ಹಿತ್ತಿಲಿನದೇ. ಏಳು ಮನೆಯ ಡಬ್ಬಿಗೂ ಹಾಗೆಯೇ ಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಎರಡು ತಿಂಗಳಾಗಿತ್ತು. ಒಂದು ಮಂಗಳವಾರ ನಾನು ಹೂವಿಗೆ ಅಂತ ಹೋಗಿದ್ದಾಗ ಗೋದಮ್ಮನವರು ಕರಿಬೇವಿನ ಗಿಡದ ಹತ್ತಿರ ನಿಂತಿದ್ದರು. ಈ ಗಿಡಕ್ಕೆ ಏನೋ ಹುಳ ಬಿದ್ದಿರಬೇಕು ಪುಟ್ಟಮಾದಮ್ಮ, ಎಲೆಯೇ ನಿಲ್ಲುತ್ತಿಲ್ಲ, ಒಗ್ಗರಣೆಗೂ ಅಂಗಡಿಯಿಂದ ತರುವಂತಾಗಿದೆ ಅಂದರು. ಅವರು ಯಾರನ್ನೂ ಕುರಿತು ಹೇಳಿದ್ದಲ್ಲ, ನಿಜವಾಗಿ ಹುಳವನ್ನೇ ಹುಡುಕುತ್ತಿದ್ದರು. ನಾಲ್ಕು ಮಾರು ಆಚೆ ಹೊಂಬಾಳಮ್ಮ ಮಂಜುಶ್ರೀ ಮನೆಯ ಡಬ್ಬಿ ಉಜ್ಜುತ್ತಿದ್ದಳು. ಉಜ್ಜುವ ಸದ್ದು ನಿಂತಿತು. ನನಗೆ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಮತ್ತೆ ಶುರುವಾಯಿತು.

ಮಾರನೆಯ ದಿನ ನನ್ನ ಕ್ಯಾರಿಯರ್ ಕೊಡುವಾಗ ಅವಳು ಎರಡು ಕೈಯಲ್ಲೂ ಹಿಡಿದುಕೊಂಡೇ ನಿಂತಳು.

"ಬರಿ ಡಬ್ಬಿ ಕೊಡ್ತಾವ್ನಿ ಅಕ್ಕ. ತಪ್ಪು ತಿಳ್ಕಬ್ಯಾಡ" ಅಂದಳು.

"ಇರ್ಲಿ ಬುಡವ್ವ, ನಿನ್ ಕೈಲಿ ಏನಾದಾತು" ಅಂದೆ.

ಒಳ್ಳೆಯ ಮಾತು ಅಂತಲೇ ಆಡಿದ್ದು. ಮನೆ ತಲುಪುವ ಹೊತ್ತಿಗೆ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತತೊಡಗಿತು. ತಿರುಗಿ ಹೋಗಬೇಕಿತ್ತು. ನಾಳೆ ಹೋದರಾಯಿತು ಅಂತ ಸುಮ್ಮನಾದೆ.

ಗುರುವಾರ ಬೆಳಿಗ್ಗೆ ಕೋಣೆ ಖಾಲಿ. ಬೀಗದ ಕೈ ಪಟ್ಟಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ನೆಲ ಗುಡಿಸಿ ಒರೆಸಿತ್ತು. ಚಾಪೆ ಇಲ್ಲ, ಗಂಟಿಲ್ಲ. ಅದು ಅರವತ್ತಮೂರನೆಯ ದಿನ.

ಬೀದಿಯಲ್ಲಿ ಬಾಯಿಗೆ ಬಂದ ಹಾಗೆ ಮಾತಾಡಿದರು. ಕೂತಲ್ಲಿಗೆ ಊಟ ಬಂದರೆ ಹೀಗೇ ಅಂದವರುಂಟು. ಬಸ್ ಸ್ಟ್ಯಾಂಡಿನ ಗಾಳಿ ಕುಡಿದವರಿಗೆ ಮನೆ ಹಿಡಿಸುವುದಿಲ್ಲ ಅಂದವರುಂಟು. ಸಿದ್ದೇಶ ಅಂಗಡಿಯಲ್ಲಿ ಬೇಳೆ ತೂಗುತ್ತಲೇ, ಮೊದಲೇ ಹೇಳಿದ್ದೆ, ಮಂಡ್ಯದಿಂದ ಎರಡು ಸಲ ಓಡಿಬಂದವಳು ಅಂದ. ಅವನು ಮೊದಲು ಹಾಗೇನೂ ಹೇಳಿರಲಿಲ್ಲ. ಮೇಷ್ಟ್ರು ಮಾತ್ರ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದರು, ಪುಟ ತಿರುಗಲಿಲ್ಲ. ಅರುಂಧತಿ ಮೇಡಂ ಫೋನು ಮಾಡಿ ನನ್ನನ್ನೇ ಕೇಳಿದರು. ನೀವು ಕೂತು ಮಾತಾಡುತ್ತಿದ್ದಿರಲ್ಲ, ಏನಾಯಿತು ಅಂದರು. ಭಾನುವಾರ ಬೆಳಿಗ್ಗೆಯೊಳಗೆ ಬಾರದಿದ್ದರೆ ಮುಂದಿನವರಿಗೆ ಹೇಳಲೇಬೇಕು, ಮಳೆಗಾಲ ಬರುತ್ತಿದೆ, ಕಾಯುವವರಿಗೂ ಕಷ್ಟವೇ ಅಂದರು. ಅವರ ಮಾತು ನ್ಯಾಯವಾಗಿತ್ತು.

ಶುಕ್ರವಾರ ಬಸ್ ಸ್ಟ್ಯಾಂಡಿಗೆ ಹೋದೆ. ಅಭ್ಯಾಸದಿಂದ ಕೈಯಲ್ಲಿ ಕ್ಯಾರಿಯರ್ ಇತ್ತು. ಹೊಂಬಾಳಮ್ಮ ಅದೇ ಕಲ್ಲುಬೆಂಚಿನ ಕೆಳಗೆ ಗಂಟಿಟ್ಟು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನಿಂಗಯ್ಯ ಮೂಗೆತ್ತಿದ.

"ಯಾರದು, ಬುದ್ವಾರದ ಅಕ್ಕನಾ? ಇವತ್ತು ಸುಕ್ರವಾರ ಕಣವ್ವ, ದಿನ ತಪ್ಪಿ ಬಂದ್ಬುಟ್ಟಿದ್ದೀಯೆ."

ನನ್ನ ಉಪ್ಸಾರಿನ ವಾಸನೆ ಅವನಿಗೆ ಗೊತ್ತಿತ್ತು. ಸೋಮವಾರದ ಮನೆಯದು ಸಪ್ಪೆ, ಮಂಗಳವಾರದ್ದು ಹೋಟೆಲಿನ ಹಾಗೆ, ಬುಧವಾರದ್ದು ಖಾರ ಅಂತ ಏಳು ಮನೆಯನ್ನೂ ಒಪ್ಪಿಸಿದ. ಸಂಜೆಗೆ ಅಂತ ಅವಳು ಎತ್ತಿಡುತ್ತಿದ್ದ ಅರ್ಧ ಎಲ್ಲಿಗೆ ಹೋಗುತ್ತಿತ್ತು ಅಂತ ಆಗ ತಿಳಿಯಿತು. ಅವಳಿಗೆ ನಾಚಿಕೆಯಾಯಿತು. ಬಾಯಿ ಮುಚ್ಚು ಮುದ್ಕ ಅಂತ ಅವನ ತೊಡೆಗೊಂದು ಕೊಟ್ಟಳು.

ಕೂತೆ. ಮಳವಳ್ಳಿ ಬಸ್ಸು ಬಂತು, ಹೋಯಿತು. ಆಮೇಲೆ ಅವಳೇ ಹೇಳಿದಳು.

"ನಿಮ್ಮೂಟಕ್ಕೆ ನಾನು ಎಸ್ರಿಡಕಿಲ್ಲ ಅಕ್ಕ, ನಾಲ್ಗೆ ಬಿದ್ದೋದಾತು. ಏಳು ಮನೆಯೋರು ನನ್ ಬಾಗ್ಲಿಗೆ ಬತ್ತೀರಿ. ಎಲ್ಲಾರೂ ಕೊಡಕ್ಕೇ ಬತ್ತೀರಿ. ಒಂದಿನಾದ್ರೂ ಒಬ್ರಾದ್ರೂವೆ, ಒಂಬಾಳಿ, ಒಸಿ ಉಪ್ಪು ಕೊಡವ್ವ ಅಂತ ಬಂದಿದ್ರಾ? ಎಂಗ್ ಬಂದೀರಿ. ಒಲೆ ಇಲ್ದಿರೋ ತಾವ ಉಪ್ಪು ಯಾಕಿದ್ದಾತು. ನಿಮ್ ಡಬ್ಬಿಗೆ ಆಕಕ್ಕೆ ಅವರ ಗಿಡಾನೇ ತರಿದು ಆಕ್ತಿದ್ದೆ, ಅದೂ ಬೋಳಾಯ್ತು. ಇಲ್ಲೂ ಯಾರೋ ಕೊಡ್ತಾರೆ, ತಿಂತೀನಿ. ಅಲ್ಲೂ ಕೊಡ್ತೀರಿ, ತಿಂತೀನಿ. ಎಚ್ಚುಕಮ್ಮಿ ಏನು? ತಲೆ ಮೇಲೊಂದು ಸೂರು. ಅದು ಛತ್ರ ಕಣಕ್ಕ, ಮನೆಯಲ್ಲ. ಛತ್ರದಲ್ಲಿ ನಾನು ಸಾಕಷ್ಟು ದಿನ ಇದ್ದು ಬಂದಿವ್ನಿ."

ನಾನು ಬುಧವಾರ ಆಡಿದ ಮಾತಿಗೆ ತಪ್ಪಾಯಿತು ಅಂದೆ. ಅವಳು ಆ ಮಾತು ಕೇಳಿಸಲೇ ಇಲ್ಲ ಅನ್ನುವ ಹಾಗೆ ಕ್ಯಾರಿಯರ್ ತೆಗೆದು ನಿಂಗಯ್ಯನಿಗೆ ಮುದ್ದೆ ಮುರಿದುಕೊಟ್ಟಳು.

ಸಂಜೆ ಹೋಗಿ ಮೇಷ್ಟ್ರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಕರಿಬೇವಿನ ವಿಷಯ ಬಂದಾಗ ಒಳಗಿದ್ದ ಗೋದಮ್ಮನವರು ಬಾಗಿಲಿಗೆ ಬಂದು ನಿಂತರು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಷ್ಟ್ರಿಗೆ ಮಾತ್ರ ಒಳಗೊಳಗೇ ಸಿಟ್ಟು ಬಂದಿತ್ತು. ವಾರಾನ್ನದ ಅನ್ನವನ್ನು ಛತ್ರದ ಅನ್ನ ಅಂದಳಲ್ಲ ಅಂತ. ನಾನೇ ಹೋಗಿ ಕೇಳುತ್ತೇನೆ ಅಂದರು.

ಶನಿವಾರ ಹತ್ತು ಗಂಟೆಗೆ ಛತ್ರಿ ಹಿಡಿದು ಹೊರಟರು, ನಾನೂ ಹಿಂದೆ ಹೋದೆ. ಮೇಷ್ಟ್ರನ್ನು ಕಂಡು ಅವಳು ಎದ್ದು ನಿಂತಳು. ಅವರು ಬೆಂಚಿನ ತುದಿಯಲ್ಲಿ ಕೂತು, ಕೂತುಕೊಳ್ಳಿ ಅಂದರೂ ಅವಳು ಕೂರಲಿಲ್ಲ.

"ನಮ್ಮಿಂದ ಏನು ತಪ್ಪಾಯ್ತು ಹೇಳಿ ಹೊಂಬಾಳಮ್ಮ" ಅಂದರು. "ನಾನೂ ಏಳು ಮನೆ ಅನ್ನ ತಿಂದು ಬೆಳೆದೋನೇ. ಆ ಅನ್ನಾನ ಒಂದು ದಿನವೂ ಕೀಳಾಗಿ ಕಂಡಿಲ್ಲ."

"ಕೀಳು ಅಂತ ನಾನೂ ಅನ್ನಕಿಲ್ಲ ಮೇಷ್ಟ್ರೆ. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಆ ಏಳು ಮನೇಲಿ ನಿಮ್ ಮನೆ ಯಾವ್ದು?"

ಮೇಷ್ಟ್ರು ಉತ್ತರ ಕೊಡಲು ಬಾಯಿ ತೆರೆದರು. ಮಂಡ್ಯದ ಬಸ್ಸು ಹಿಂದಕ್ಕೆ ಬರುತ್ತಿತ್ತು, ಕಂಡಕ್ಟರು ಶಿಳ್ಳೆ ಹಾಕುತ್ತಿದ್ದ. ಅದು ನಿಂತ ಮೇಲೆ ಅವರು ಛತ್ರಿಯ ಹಿಡಿಯನ್ನು ನೋಡುತ್ತಾ, ಯಾವುದೂ ಅಲ್ಲ ಅಂದರು.

ಆಮೇಲೆ ನಿಧಾನವಾಗಿ ಹೇಳಿದರು. ಗುರುವಾರದ ಮನೆಯಲ್ಲಿ ತುಪ್ಪ ಬಡಿಸುತ್ತಿದ್ದರಂತೆ. ಆದರೂ ಅವರಿಗೆ ಇಷ್ಟವಾದದ್ದು ಶನಿವಾರದ ಮನೆ. ಅಲ್ಲಿ ಅಜ್ಜಿಯೊಬ್ಬಳು ಉಣ್ಣುವ ಮೊದಲು ಬಾವಿಯಿಂದ ನಾಲ್ಕು ಕೊಡ ನೀರು ಸೇದಿಸುತ್ತಿದ್ದಳಂತೆ. ಬೇರೆ ಹುಡುಗರು ಅವಳನ್ನು ಜಿಪುಣಿ ಅನ್ನುತ್ತಿದ್ದರು. ತಾವು ಮಾತ್ರ ಅಲ್ಲಿ ಇನ್ನೊಂದು ಸೌಟು ಸಾರು ಹಾಕಿ ಅಂತ ಬಾಯಿಬಿಟ್ಟು ಕೇಳುತ್ತಿದ್ದರಂತೆ. ಉಳಿದ ಆರು ಮನೆಯಲ್ಲಿ ಒಂದು ದಿನವೂ ಕೇಳಲಿಲ್ಲವಂತೆ. ಇಷ್ಟು ವರ್ಷ ಅದು ನೆನಪೇ ಇರಲಿಲ್ಲ ಅಂದರು.

ಹೊಂಬಾಳಮ್ಮ ಆಗ ಕೂತಳು.

ಮೇಷ್ಟ್ರು, ಒಲೆ ಹಚ್ಚಲು ತಮ್ಮದೇನೂ ಅಡ್ಡಿಯಿಲ್ಲ, ಆದರೆ ಹೆಂಚು ಹಳೆಯದು, ಬೆಂಕಿಯದೇ ಭಯ ಅಂದರು.

"ಸಾವ್ರ ಜನದ ಒಲೆ ಹಚ್ಚಿವ್ನಿ ಮೇಷ್ಟ್ರೆ" ಅಂದಳು ಅವಳು. "ಮೂವತ್ತೊಂದು ವರ್ಸ. ಛತ್ರ ಬಿದ್ದಿದ್ದು ಬೆಂಕೀಲಲ್ಲ."

ನಿಂಗಯ್ಯ ಪಕ್ಕದಿಂದ ನಕ್ಕ. ಮೇಷ್ಟ್ರೂ ನಕ್ಕರು, ಸ್ವಲ್ಪ ತಡವಾಗಿ.

ಅವಳು ಅಂದೇ ಸಂಜೆ ಬಂದಳು. ಭಾನುವಾರ ಸಿದ್ದೇಶ ಎರಡು ತಗಡು ಹೊತ್ತು ತಂದು ಕೋಣೆಯ ಹೊರಗೋಡೆಗೆ ಇಳಿಜಾರು ಮಾಡಿಕೊಟ್ಟ. ಹೆಂಚಿಗೂ ಒಲೆಗೂ ನಡುವೆ ಎರಡು ಆಳು ದೂರ. ಮೇಡಂ ಗ್ಯಾಸಿನ ಒಲೆ ಕೊಡಿಸುತ್ತೇನೆ ಅಂದರು. ಅದು ಆಮೇಲೆ ಇರಲಿ ಅಂತ ಇವಳು ಹಿತ್ತಿಲ ಮಣ್ಣನ್ನೇ ಕಲಸಿ, ಸಗಣಿ ಬೆರೆಸಿ ತನ್ನ ಕೈಯಲ್ಲೇ ಒಲೆ ಹಾಕಿದಳು. ಆ ಛತ್ರದ ಒಲೆಕಲ್ಲು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ಇದಕ್ಕೆ ಹಿತ್ತಿಲಿನ ಮೂರು ಕಲ್ಲೇ ಸಾಕಾಯಿತು. ಒಣಗಲು ನಾಲ್ಕು ದಿನ ಬಿಟ್ಟಳು. ಮೇಷ್ಟ್ರು ಬಾಗಿಲ ಹಿಂದಿನ ಪಟ್ಟಿ ಕಿತ್ತರು. ಕಾರ್ಡು ಬರುವ ತನಕ ಏಳು ಮನೆಯವರೂ ಬೇಯಿಸಿದ್ದನ್ನು ಬಿಟ್ಟು ಅಕ್ಕಿ, ರಾಗಿ, ಬೇಳೆ ಕೊಡುವುದು ಅಂತಾಯಿತು. ಬದಲಿಗೆ ಅವಳು ನಮ್ಮ ಮನೆಗಳ ಹಬ್ಬದ ಅಡುಗೆಗೆ ಕೈಜೋಡಿಸುತ್ತೇನೆ ಅಂದಳು. ಅದನ್ನು ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನಬಾರದು ಅಂತ ಅಷ್ಟರಲ್ಲಿ ಕಲಿತಿದ್ದೆವು.

ಒಲೆ ಹಚ್ಚಿದ ಮೊದಲ ದಿನ ಆದದ್ದನ್ನು ಹೇಳಲೇಬೇಕು. ಉಗ್ರಾಣದಲ್ಲಿ ನೂರಾರು ಜನಕ್ಕೆ ಅಳೆದುಕೊಟ್ಟ ಅವಳ ಕೈಗೆ ಒಬ್ಬರ ಅಳತೆ ಮರೆತೇಹೋಗಿತ್ತು. ಎಷ್ಟು ಕಡಿಮೆ ಹಾಕಿದೆ ಅಂತ ಅಂದುಕೊಂಡರೂ ಕೈ ಛತ್ರದ ಲೆಕ್ಕದಲ್ಲೇ ಹೋಯಿತು. ವಾರಕ್ಕೆ ಅಂತ ಕೊಟ್ಟ ಅಕ್ಕಿ ಒಂದೇ ಹೊತ್ತಿಗೆ ಅನ್ನವಾಯಿತು. ಬೀದಿಯಲ್ಲೆಲ್ಲ ಸಾರಿನ ವಾಸನೆ. ಸಿದ್ದೇಶ ಅಂಗಡಿಯಿಂದ ಎದ್ದು ಬಂದ. ಮೂವತ್ತೆಂಟಾದರೂ ಅವನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ.

"ಏನ್ ಒಂಬಾಳಮ್ಮ, ಮದ್ವೆ ಯಾರ್ದು?" ಅಂದ.

"ನಿಂದೇ ಕಣ್ಲಾ. ಎಣ್ಣು ಸಿಕ್ಕುದ್ ಮೇಲೆ ಬಂದು ಏಳು, ಸಾರು ಬಿಸಿ ಮಾಡ್ತೀನಿ."

ಅವತ್ತು ಏಳು ಮನೆಗೂ ಡಬ್ಬಿ ತುಂಬಿ ಹೋಯಿತು. ನಿಂಗಯ್ಯನಿಗೆ ಒಂದು ಪಾತ್ರೆ, ಟೀ ಅಂಗಡಿಯವರಿಗೆ ಒಂದು. ಸೋಮವಾರದ ಮನೆಯವರು ಈ ಖಾರ ಹೇಗೆ ತಿಂದರೋ ಅಂತ ನಿಂಗಯ್ಯ ಕೇಳಿಕಳಿಸಿದ. ತಿಂದರು, ಕಣ್ಣಲ್ಲಿ ನೀರು ಹಾಕಿಕೊಂಡು ತಿಂದರು. ಒಬ್ಬರ ಅಳತೆಗೆ ಕೈ ಇಳಿಯಲು ಅವಳಿಗೆ ಹದಿನೈದು ದಿನ ಬೇಕಾಯಿತು. ಈಗಲೂ ಒಂದು ಹಿಡಿ ಹೆಚ್ಚೇ.

ತೊಂಬತ್ತನೆಯ ದಿನ ಅರುಂಧತಿ ಮೇಡಂ ಇಬ್ಬರನ್ನು ಕರೆದುಕೊಂಡು ಬಂದರು. ಬಂದವರು ಕೋಣೆ ನೋಡಿದರು, ಕಾಗದ ಬರೆದುಕೊಂಡರು. ಹೊಂಬಾಳಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. ಕುಡಿದು ಮುಗಿಸುವ ತನಕ ಎದುರಿಗೇ ನಿಂತಿದ್ದಳು, ಇನ್ನೊಂದು ಲೋಟ ಬೇಕೇ ಅಂತ ಕೇಳಲು. ವಿಳಾಸದಲ್ಲಿ ಮೇಷ್ಟ್ರ ಮನೆಯ ನಂಬರು, ಅದರ ಮುಂದೆ ಒಂದು ಸಣ್ಣ ಅಕ್ಷರ ಸೇರಿಸಿದ್ದಾರೆ. ಕಾರ್ಡು ಇನ್ನೂ ಕೈಗೆ ಬಂದಿಲ್ಲ, ಬರುತ್ತದೆ ಅಂದಿದ್ದಾರೆ. ಕೋಣೆಗೆ ಕಾಯುವವರ ಪಟ್ಟಿಯಲ್ಲಿ ನಿಂಗಯ್ಯನ ಹೆಸರು ಆರನೆಯದು. ಅವನಿಗೆ ಕೋಣೆ ಹುಡುಕುವಾಗ ಈ ಸಲ ಮೇಡಂ ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ಅವನನ್ನೇ ಕೇಳಿದರು. ಬಸ್ಸಿನ ಸದ್ದು ಕೇಳಿಸುವ ಹಾಗಿರಬೇಕು ಅಂದನಂತೆ.

ಹೋದ ವಾರ ಒಂದು ಸಂಜೆ ನಾನು ಬಟ್ಟೆಕಲ್ಲಿನ ಮೇಲೆ ಕೂತಿದ್ದೆ. ಹೊಂಬಾಳಮ್ಮ ಹಾಲು ಕಾಯಿಸುತ್ತಿದ್ದಳು. ಗೋದಮ್ಮನವರು ಒಂದು ಸ್ಟೀಲಿನ ಲೋಟ ಹಿಡಿದು ಹಿತ್ತಿಲ ಬಾಗಿಲಿನಿಂದ ಬಂದರು. ಅವರ ಅತ್ತೆಯ ಕಾಲದಲ್ಲಾಗಿದ್ದರೆ ಆ ಲೋಟ ಈ ಕಡೆಗೆ ಬರುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

"ಹೊಂಬಾಳಮ್ಮ, ಬೆಕ್ಕು ಮೊಸರಿನ ಪಾತ್ರೆ ಉರುಳಿಸಿಬಿಟ್ಟಿದೆ ಕಣ್ರೀ. ಒಂಚೂರು ಹೆಪ್ಪು ಇದ್ಯಾ? ದೀಪ ಹಚ್ಚೋಕೆ ಮುಂಚೆ ಕೇಳಿಬಿಡೋಣ ಅಂತ ಬಂದೆ."

ದೀಪ ಹಚ್ಚಿದ ಮೇಲೆ ನಾವು ಮೊಸರು ಕೊಡುವುದಿಲ್ಲ. ಹೊಂಬಾಳಮ್ಮ ಆಕಾಶ ನೋಡಿದಳು, ಇನ್ನೂ ಬೆಳಕಿತ್ತು. ಒಳಗೆ ಹೋಗಿ ಗಡಿಗೆಯಿಂದ ಎರಡು ಚಮಚ ಗಟ್ಟಿ ಮೊಸರು ತಂದು ಲೋಟಕ್ಕೆ ಹಾಕಿದಳು. ಒಂದು ಗಳಿಗೆ ಯೋಚನೆ ಮಾಡಿ ಇನ್ನೊಂದು ಚಮಚ ಹಾಕಿದಳು.

"ಲೋಟ ನಾಳೆ ತರ್ತೀನಿ, ನಿಮಗೆ ನಾಲ್ಕು ಹೂವಾದ್ರೂ ಹಾಕಿ" ಅಂದರು ಗೋದಮ್ಮನವರು.

"ಲೋಟ ನಿಮ್ದೇ ಅಲ್ವ ಅಮ್ಮಾರೆ" ಅಂದಳು ಇವಳು. ಇಬ್ಬರೂ ನಕ್ಕರು.

ಅವರು ಹೋದ ಮೇಲೆ ಹೊಂಬಾಳಮ್ಮ ಹಾಲನ್ನು ಒಲೆಯಿಂದ ಇಳಿಸಿ ತಣ್ಣೀರಿನ ತಟ್ಟೆಯಲ್ಲಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಕಿರುಬೆರಳು ಅದ್ದಿ ನೋಡಿದಳು. ಇನ್ನೂ ಬಿಸಿ. ಒಲೆಯ ಸೌದೆ ಹಿಂದಕ್ಕೆ ಎಳೆದು, ಕೆಂಡಕ್ಕೆ ನೀರು ಚಿಮುಕಿಸಿದಳು. ಮತ್ತೆ ಬೆರಳು ಅದ್ದಿದಳು. ಗಡಿಗೆಯಲ್ಲಿ ಉಳಿದಿದ್ದ ಮೊಸರನ್ನು ಬಳಿದು ಹಾಲಿಗೆ ಬಿಟ್ಟು, ಚಮಚದಿಂದ ಎರಡು ಸುತ್ತು ತಿರುಗಿಸಿದಳು. ತಟ್ಟೆ ಮುಚ್ಚಿ, ಬೆಕ್ಕಿನ ಭಯಕ್ಕೆ ಮೇಲೊಂದು ಕಲ್ಲಿಟ್ಟಳು.